ಕೊಯ್ಯದೆ ಮಾಡುವ ಚಿಕಿತ್ಸೆಯ ಋಣ

ಹೊಸ ಚಿಕಿತ್ಸೆಗಳಿಗೆ ಹೆಸರಿಡುವವರು ರೋಗಿಯ ಭಯವನ್ನು ಚೆನ್ನಾಗಿ ಬಲ್ಲವರಾಗಿರುತ್ತಾರೆ. ದೇಹದ ತೂಕವನ್ನು ಇಳಿಸುವುದಕ್ಕಾಗಿ ಬಾಯಿಯ ಮಾರ್ಗವಾಗಿ ನಳಿಗೆಯೊಂದನ್ನು ಜಠರಕ್ಕೆ ಇಳಿಸಿ ನಡೆಸುವ ಕೆಲವು ಉಪಾಯಗಳನ್ನು ಇಂದಿನ ದೊಡ್ಡ ಆಸ್ಪತ್ರೆಗಳು 'ಶಸ್ತ್ರವಿಲ್ಲದ ಚಿಕಿತ್ಸೆ' ಎಂದು ಕರೆಯುತ್ತವೆ. ಹೊಟ್ಟೆಯ ಮೇಲೆ ಗಾಯವಿಲ್ಲ, ಹೊಲಿಗೆಯ ಗುರುತಿಲ್ಲ. ಬೆಳಗ್ಗೆ ಬಂದವರು ಅನೇಕ ವೇಳೆ ಅದೇ ದಿನ, ಇಲ್ಲವೆ ಮರುದಿನ, ಮನೆಯನ್ನು ಸೇರುತ್ತಾರೆ. ಹೆಸರು ಸುಳ್ಳೆನ್ನುವಂತಿಲ್ಲ. ಆದರೂ ಆ ಹೆಸರು ಹೇಳದೆ ಬಿಡುವ ಸಂಗತಿಗಳು ಹಲವುಂಟು. ಆಸ್ಪತ್ರೆಯೊಂದು ಈ ಚಿಕಿತ್ಸೆಗೆಂದು ಪ್ರತ್ಯೇಕ ವಿಭಾಗವನ್ನು ತೆರೆಯಲು ಹೊರಟಾಗ ಏಳುವ ಧರ್ಮಪ್ರಶ್ನೆ ಬಹುಮಟ್ಟಿಗೆ ಅವುಗಳಲ್ಲಿಯೇ ಅಡಗಿರುತ್ತದೆ. ಉಪಕರಣವನ್ನು ಕೊಂಡು ತಂದು, ಕೈಪಳಗಿದ ವೈದ್ಯನನ್ನು ನೇಮಿಸಿ, ಕೊಠಡಿಯೊಂದನ್ನು ಸಜ್ಜುಗೊಳಿಸಿದ ಮಾತ್ರಕ್ಕೆ ಆಸ್ಪತ್ರೆಗೆ ಈ ಚಿಕಿತ್ಸೆಯನ್ನು ನೀಡುವ ಅಧಿಕಾರ ಬಂದೀತೆ? ಒಳಗೆ ಬಂದ ರೋಗಿಗೆ ಅದು ಸಲ್ಲಿಸಬೇಕಾದ ಋಣ ಎಲ್ಲಿಯ ವರೆಗಿನದು?

ಮೊದಲು ವಸ್ತುಸ್ಥಿತಿಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಬದುಕಿರುವ ಮನುಷ್ಯನ ಜಠರದ ಒಳಗನ್ನು ಕಣ್ಣಾರೆ ಕಾಣಬೇಕೆಂಬ ಆಸೆ ವೈದ್ಯರಿಗೆ ಬಹುಕಾಲದಿಂದ ಇದ್ದುದು. ಜರ್ಮನಿಯ ಫ್ರೈಬುರ್ಗದಲ್ಲಿ 1868ರಲ್ಲಿ ಆಡೊಲ್ಫ್ ಕುಸ್‌ಮೌಲ್ ಎಂಬ ವೈದ್ಯನು ಕತ್ತಿ ನುಂಗುವ ಆಟಗಾರನೊಬ್ಬನ ಗಂಟಲಿನೊಳಗೆ ನೆಟ್ಟನೆಯ ಕೊಳವೆಯನ್ನು ಇಳಿಸಿ ನೋಡಲು ಯತ್ನಿಸಿದನು. ಜಾತ್ರೆಯ ದೊಂಬರ ವಿದ್ಯೆಯಿಂದ ವೈದ್ಯಶಾಸ್ತ್ರಕ್ಕೆ ಉಪಕಾರವಾದ ಸಂದರ್ಭಗಳು ಹೆಚ್ಚಿರಲಾರವು, ಇದೊಂದು. 1957ರಲ್ಲಿ ಅಮೆರಿಕದಲ್ಲಿದ್ದ ಬೇಸಿಲ್ ಹರ್ಷೋವಿಟ್ಸ್ ಎಂಬಾತನು ಗಾಜಿನ ಎಳೆಗಳಿಂದ ಕೂಡಿದ, ಬೇಕಾದಂತೆ ಬಾಗುವ ನಳಿಗೆಯನ್ನು ಸಿದ್ಧಪಡಿಸಿ, ರೋಗಿಗಳ ಮೇಲೆ ಪ್ರಯೋಗಿಸುವ ಮೊದಲು ತಾನೇ ಅದನ್ನು ನುಂಗಿದನು. ಎಂಡೊಸ್ಕೋಪು ಎಂದು ಈಗ ಎಲ್ಲರೂ ಬಲ್ಲ ಸಾಧನದ ವಂಶ ಅಲ್ಲಿಂದ ಬೆಳೆಯಿತು. ನೋಡುವುದಕ್ಕೆಂದು ಹುಟ್ಟಿದ ನಳಿಗೆ ಕ್ರಮೇಣ ಕತ್ತರಿಸುವುದನ್ನೂ ಹೊಲಿಯುವುದನ್ನೂ ಕಲಿಯಿತು.

ತೂಕದ ಚಿಕಿತ್ಸೆಯಲ್ಲಿ ಇದರ ಉಪಯೋಗ ಮುಖ್ಯವಾಗಿ ಎರಡು ಬಗೆ. ಬರಿದಾದ ಸಿಲಿಕೋನ್ ಬೆಲೂನನ್ನು ಜಠರಕ್ಕೆ ಇಳಿಸಿ, 400ರಿಂದ 700 ಮಿಲಿಲೀಟರುಗಳಷ್ಟು ಉಪ್ಪುನೀರನ್ನು ತುಂಬಿ, ಆರು ತಿಂಗಳು ಅಲ್ಲಿಯೇ ಬಿಟ್ಟು, ಬಳಿಕ ತಪ್ಪದೆ ಹೊರತೆಗೆಯುವುದು ಒಂದು. ನಳಿಗೆಯ ತುದಿಗೆ ಹೊಲಿಗೆಯ ಉಪಕರಣವನ್ನು ಜೋಡಿಸಿ, ಜಠರದ ಗೋಡೆಯ ಪೂರ್ಣ ದಪ್ಪಕ್ಕೆ ಸೂಜಿಯನ್ನು ಹಾಯಿಸಿ, ನೆರಿಗೆ ಹಿಡಿದು, ಅಗಲವಾದ ಚೀಲವನ್ನು ಅಂಗಿಯ ತೋಳಿನಂತೆ ಕಿರಿದುಗೊಳಿಸುವುದು ಇನ್ನೊಂದು. ಎರಡನೆಯದು ಸಿಂಪಿಗನ ಕೆಲಸದಂತೆ ಕೇಳಿಸಿದರೂ ಪೂರ್ಣ ಅರಿವಳಿಕೆಯಲ್ಲಿ ನಡೆಯತಕ್ಕದ್ದು. ರಕ್ತಸ್ರಾವ, ಸೋರಿಕೆ, ಕೀವು ಮೊದಲಾದ ಅಪಾಯಗಳು ಅದಕ್ಕೂ ಉಂಟು. ಚರ್ಮವನ್ನು ಕೊಯ್ಯಲಿಲ್ಲ ಎಂಬುದು ದಿಟ. ಒಳಗೆ ಸೂಜಿ ಹಾಯ್ದಿದೆ ಎಂಬುದೂ ಅಷ್ಟೇ ದಿಟ.

ಬೆಲೂನಿನ ಪೂರ್ವಚರಿತ್ರೆಯನ್ನು ಈ ವಿಭಾಗವನ್ನು ತೆರೆಯಬಯಸುವ ಪ್ರತಿಯೊಬ್ಬ ಆಡಳಿತಗಾರನೂ ಓದಬೇಕು. ನುಂಗಿದ ಕೂದಲು, ನಾರು ಮುಂತಾದುವು ಮುದ್ದೆಗಟ್ಟಿ ಜಠರದಲ್ಲಿ ನಿಂತುಹೋದವರು ತೆಳ್ಳಗಾಗುವುದನ್ನು ಕಂಡು, ಅಂಥ ಮುದ್ದೆಯನ್ನು ಕೃತಕವಾಗಿ ಇಟ್ಟರೇನಾದೀತೆಂದು ಡೆನ್ಮಾರ್ಕಿನ ನೀಬೆನ್ ಮತ್ತು ಹಾರ್ಬೋ ಎಂಬವರು 1982ರಲ್ಲಿ ಬರೆದರು. ಆಲೋಚನೆ ಚುರುಕಾದುದು. ಮೂರೇ ವರ್ಷಗಳಲ್ಲಿ, ಎಂದರೆ 1985ರಲ್ಲಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಗ್ಯಾರೆನ್–ಎಡ್ವರ್ಡ್ಸ್ ಎಂಬ ಹೆಸರಿನ ಗುಳ್ಳೆಗೆ ಒಪ್ಪಿಗೆ ಕೊಟ್ಟಿತು. ಅದು ಸುಮಾರು 220 ಮಿಲಿಲೀಟರು ಗಾಳಿ ಹಿಡಿಯುವ, ಉರುಳೆಯಾಕಾರದ ಪದಾರ್ಥ. ದೇಶದ ಉದ್ದಗಲಕ್ಕೂ ಸಾವಿರಾರು ಜನರ ಹೊಟ್ಟೆಯನ್ನು ಅದು ಹೊಕ್ಕಿತು. ಕೆಲವರಲ್ಲಿ ಅಂಚು ತಾಗಿ ಹುಣ್ಣಾಯಿತು. ಕೆಲವರಲ್ಲಿ ಗಾಳಿ ಹೋಗಿ, ಕೆಳಕ್ಕೆ ಜಾರಿ, ಕರುಳಿನಲ್ಲಿ ಸಿಕ್ಕಿಕೊಂಡಿತು. ಕರುಳಿಗೆ ಅಡ್ಡಬಿದ್ದ ಗುಳ್ಳೆಯನ್ನು ತೆಗೆಯಲು ಕಡೆಗೆ ಕತ್ತಿಯನ್ನೇ ಹಿಡಿಯಬೇಕಾಗಿ ಬಂದುದೂ ಉಂಟು. 1988ರಲ್ಲಿ ಮಾರಾಟ ನಿಂತಿತು.

ಆದರೆ ಈ ಕಥೆಯಲ್ಲಿ ಮನಸ್ಸು ನಿಲ್ಲಬೇಕಾದ ಜಾಗ ಹುಣ್ಣುಗಳಿಗಿಂತ ಬೇರೆ. ಗುಳ್ಳೆ ನಿಜವಾಗಿ ಕೆಲಸ ಮಾಡುತ್ತದೆಯೆ ಎಂದು ತಿಳಿಯಲು ಆ ದಶಕದ ಕೊನೆಯಲ್ಲಿ ಕೆಲವು ವೈದ್ಯರು ಪರೀಕ್ಷೆಗಳನ್ನು ಏರ್ಪಡಿಸಿದರು. ಒಂದು ಗುಂಪಿನವರಿಗೆ ಗುಳ್ಳೆಯನ್ನು ಇಟ್ಟರು. ಇನ್ನೊಂದು ಗುಂಪಿನವರಿಗೆ ನಳಿಗೆಯನ್ನು ಇಳಿಸಿ, ಏನನ್ನೂ ಇಡದೆ, ಹೊರಕ್ಕೆ ತೆಗೆದರು. ಯಾರ ಹೊಟ್ಟೆಯಲ್ಲಿ ಏನಿದೆಯೆಂಬುದು ರೋಗಿಗಳಿಗೆ ತಿಳಿಯದು. ಎರಡು ಗುಂಪುಗಳಿಗೂ ಆಹಾರದ ವಿಷಯದಲ್ಲಿ ಬುದ್ಧಿವಾದ, ರೂಢಿಗಳನ್ನು ತಿದ್ದಿಕೊಳ್ಳಲು ನೆರವು, ಕ್ರಮವಾದ ಭೇಟಿ, ಇವು ಸಮಾನವಾಗಿ ದೊರೆತುವು. ಕಡೆಯಲ್ಲಿ ತೂಗಿ ನೋಡಿದರೆ ಎರಡು ಗುಂಪುಗಳಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಬ್ಬರೂ ಇಳಿದಿದ್ದರು. ಗುಳ್ಳೆಯ ಹೆಸರಿನಲ್ಲಿ ಮಾರಾಟವಾಗಿದ್ದುದು ಒಂದು, ಫಲ ಕೊಟ್ಟುದು ಮತ್ತೊಂದು. ವಾರವಾರವೂ ಎದುರಿಗೆ ಕೂತು 'ಹೇಗಿದ್ದೀರಿ, ಏನು ಉಂಡಿರಿ' ಎಂದು ಕೇಳಿದ ಮನುಷ್ಯನಿಗೆ ಯಾವ ಬೆಲೆಪಟ್ಟಿಯಲ್ಲಿಯೂ ಸ್ಥಾನವಿರಲಿಲ್ಲ.

ಹಾಗಾದರೆ ಸಾಧನವೆಲ್ಲ ಮಾಯೆ, ಉಪಚಾರವೇ ಸಾರ ಎಂದು ತೀರ್ಮಾನಿಸಿಬಿಡಬಹುದೆ? ಅಷ್ಟು ಸುಲಭವಾಗಿ ಬಿಡುವ ಪ್ರಶ್ನೆ ಇದಲ್ಲ. 1987ರಲ್ಲಿ ಫ್ಲಾರಿಡಾದ ಟಾರ್ಪನ್ ಸ್ಪ್ರಿಂಗ್ಸ್‌ನಲ್ಲಿ ತಜ್ಞರು ಸೇರಿ, ಒಳ್ಳೆಯ ಬೆಲೂನು ನುಣುಪಾಗಿರಬೇಕು, ಗಾಳಿಗೆ ಬದಲಾಗಿ ದ್ರವದಿಂದ ತುಂಬಿರಬೇಕು, ಬಹುಕಾಲ ಬಾಳಬೇಕು ಎಂದು ಲಕ್ಷಣಗಳನ್ನು ನಿರ್ಣಯಿಸಿದರು. ಸಾಧನಗಳು ಸುಧಾರಿಸಿದುವು, 2015ರಲ್ಲಿ ಅದೇ ಆಡಳಿತವು ದ್ರವ ತುಂಬುವ ಬೆಲೂನುಗಳಿಗೆ ಒಪ್ಪಿಗೆಯನ್ನಿತ್ತಿತು. ಹೊಲಿಗೆಯ ವಿಧಾನವನ್ನು ಅಮೆರಿಕದ ಒಂಬತ್ತು ಕೇಂದ್ರಗಳಲ್ಲಿ 209 ಜನರ ಮೇಲೆ ಪರೀಕ್ಷಿಸಿದ ಫಲ 2022ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆಹಾರ ವ್ಯಾಯಾಮಗಳ ಬೋಧನೆಯೊಂದನ್ನೇ ಪಡೆದವರು ವರ್ಷದ ಕೊನೆಗೆ ತಮ್ಮ ತೂಕದಲ್ಲಿ ನೂರಕ್ಕೆ 0.8ರಷ್ಟು ಇಳಿದಿದ್ದರೆ, ಬೋಧನೆಯೊಡನೆ ಹೊಲಿಗೆಯನ್ನೂ ಪಡೆದವರು 13.6ರಷ್ಟು ಇಳಿದಿದ್ದರು. ಗಂಭೀರವಾದ ತೊಂದರೆ ನೂರಕ್ಕೆ ಇಬ್ಬರಿಗೆ; ಸಾವಿಲ್ಲ. ಈ ಅಂಕಿಗಳನ್ನು ಕಂಡ ಮೇಲೆ ಬರಿಯ ಉಪದೇಶವನ್ನು ಹೊಗಳುವುದು ಸತ್ಯಕ್ಕೆ ದ್ರೋಹ. ಬುದ್ಧಿ ಹೇಳಿಸಿಕೊಂಡು ಮನೆಗೆ ಹೋದವರ ಗತಿ ಏನಾಯಿತೆಂಬುದು ಆ 0.8ರಲ್ಲಿಯೇ ಕಾಣುತ್ತದೆ.

ಹಾಗೆಯೇ 13.6 ಎಂಬುದು ಎಷ್ಟು ಎಂಬುದನ್ನೂ ನೇರವಾಗಿ ಹೇಳಬೇಕು. ನೂರು ಕಿಲೋ ತೂಗುವವನು ಎಂಬತ್ತಾರು ಎಂಬತ್ತೇಳಕ್ಕೆ ಬಂದಾನು. ಸಕ್ಕರೆಯ ರೋಗಕ್ಕೂ ರಕ್ತದ ಒತ್ತಡಕ್ಕೂ ಮೊಣಕಾಲಿನ ನೋವಿಗೂ ಇದು ಬಹಳ ದೊಡ್ಡ ಲಾಭ. ಪ್ರಕಟಣೆಯ ಚಿತ್ರಗಳಲ್ಲಿ ಕಾಣುವ ಬಳುಕುವ ದೇಹ ಮಾತ್ರ ಇದರಿಂದ ಬಾರದು. ಆ ಚಿತ್ರವನ್ನು ಗೋಡೆಗೆ ಅಂಟಿಸುವ ಆಸ್ಪತ್ರೆ, ಚಿಕಿತ್ಸೆ ಸರಿಯಾಗಿಯೇ ನಡೆದರೂ, ರೋಗಿಯನ್ನು ಒಂದು ಸೋಲಿಗೆ ಸಿದ್ಧಗೊಳಿಸುತ್ತಿದೆ.

ಇಲ್ಲಿ ಗೃಹಸ್ಥರ ಮನಸ್ಸಿನಲ್ಲಿ ಬೇರೊಂದು ಆಕ್ಷೇಪಣೆ ಎದ್ದಿರುವುದು ಸಹಜ. ಬಾಯಿ ಕಟ್ಟಿದರೆ ಸಾಲದೆ? ನಾಲಗೆಯ ಚಾಪಲ್ಯಕ್ಕೆ ಆಸ್ಪತ್ರೆಯೇಕೆ, ಬೆಲೂನೇಕೆ? ಏಕಾದಶಿಯ ಉಪವಾಸವನ್ನು ಬಲ್ಲ ಮನೆತನಗಳಿಗೆ ಈ ಮಾತು ನ್ಯಾಯವಾಗಿಯೇ ತೋರುತ್ತದೆ. ಆದರೆ ಇದರಲ್ಲಿ ಒಂದು ತಪ್ಪು ಗ್ರಹಿಕೆಯಿದೆ. ಹಸಿವು ಪೂರ್ತಿಯಾಗಿ ಮನುಷ್ಯನ ಇಚ್ಛೆಗೆ ಒಳಪಟ್ಟಿದ್ದರೆ ಈ ವಾದ ನಿಲ್ಲುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944–45ರಲ್ಲಿ, ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದ 36 ಮಂದಿ ತರುಣರನ್ನು, ಅವರ ಸಮ್ಮತಿಯಿಂದಲೇ, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟನು. ಆತ್ಮಸಂಯಮಕ್ಕೆ ಅವರಲ್ಲಿ ಕೊರತೆಯಿರಲಿಲ್ಲ. ಮನಸ್ಸಾಕ್ಷಿಗಾಗಿ ಲೋಕನಿಂದೆಯನ್ನು ಸಹಿಸಿದ್ದವರು ಅವರು. ಆದರೂ ತೂಕದ ಕಾಲುಭಾಗ ಇಳಿಯುವ ಹೊತ್ತಿಗೆ ಅವರ ಮಾತು, ಕನಸು, ಓದು ಎಲ್ಲವೂ ಊಟದ ಸುತ್ತಲೇ ಸುತ್ತತೊಡಗಿದುವು. ಪುನಃ ಊಟ ಕೊಟ್ಟಾಗ ಎಷ್ಟು ಉಂಡರೂ ತೃಪ್ತಿ ಕಾಣದವರು ಹಲವರು. ಮುಂದೆ 1994ರಲ್ಲಿ ಲೆಪ್ಟಿನ್ ಎಂಬ, 1999ರಲ್ಲಿ ಗ್ರೆಲಿನ್ ಎಂಬ ಸ್ರಾವಗಳು ಪತ್ತೆಯಾದ ಮೇಲೆ ಇದರ ಯಾಂತ್ರಿಕತೆಯೂ ಕೆಲಮಟ್ಟಿಗೆ ತಿಳಿಯಿತು. ಕೊಬ್ಬು ಕರಗಿದಂತೆ ತೃಪ್ತಿಯ ಸ್ರಾವ ಇಳಿಯುತ್ತದೆ, ಹಸಿವಿನ ಸ್ರಾವ ಏರುತ್ತದೆ. ಕಳೆದುಕೊಂಡುದನ್ನು ದೇಹ ಮರಳಿ ಕೇಳುತ್ತದೆ, ಸಾಲಿಗನಂತೆ, ಬಹುಕಾಲ.

ಈ ಅರಿವು ಪಶ್ಚಿಮಕ್ಕೆ ಮಾತ್ರ ಮೀಸಲಾದುದೇನೂ ಅಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಎಂಟು ಬಗೆಯ 'ನಿಂದಿತ' ಶರೀರಗಳ ಮಾತು ಬರುತ್ತದೆ, ಅತಿಸ್ಥೂಲನು ಅವರಲ್ಲೊಬ್ಬ. ಆದರೆ ಅತಿ ಉದ್ದನೆಯವನೂ ಅತಿ ಗಿಡ್ಡನೆಯವನೂ ಅದೇ ಪಟ್ಟಿಯಲ್ಲಿದ್ದಾರೆ. ಎತ್ತರವಾಗಿ ಹುಟ್ಟಿದುದು ಯಾರ ಅಪರಾಧ? ಸ್ಥೌಲ್ಯದ ಕಾರಣಗಳಲ್ಲಿ ಅತಿಭೋಜನದೊಡನೆ ಬೀಜಸ್ವಭಾವವನ್ನೂ ಚರಕನು ಎಣಿಸಿದ್ದಾನೆ. ಮೇದಸ್ಸು ಮಾರ್ಗಗಳನ್ನು ಕಟ್ಟಿದಾಗ ವಾಯುವು ಕೋಷ್ಠದಲ್ಲಿ ಸಂಚರಿಸಿ ಅಗ್ನಿಯನ್ನು ಕೆರಳಿಸುವುದರಿಂದ ಸ್ಥೂಲನಿಗೆ ಬೇಗ ಜೀರ್ಣವಾಗಿ ಮತ್ತೆ ಹಸಿವಾಗುತ್ತದೆ ಎನ್ನುತ್ತಾನೆ. ವಿವರಣೆಯ ಭಾಷೆ ಆ ಕಾಲದ್ದು. ಹಸಿವು ಈ ರೋಗಕ್ಕೆ ಕಾರಣವೂ ಹೌದು, ಕಾರ್ಯವೂ ಹೌದು ಎಂಬ ನೋಟ ಅದರಲ್ಲಿ ಸ್ಪಷ್ಟವಾಗಿದೆ. ಚೌತಿಯ ಚಂದ್ರನ ಕಥೆ ತಿಳಿಯದ ಮನೆ ಕನ್ನಡನಾಡಿನಲ್ಲಿಲ್ಲ. ಹೊಟ್ಟೆ ಬಿರಿಯ ಕಡುಬು ತಿಂದವನು ಗಣಪ, ಬಿದ್ದು ಹೊಟ್ಟೆ ಒಡೆದಾಗ ಹಾವನ್ನು ಸುತ್ತಿ ಬಿಗಿದುಕೊಂಡವನೂ ಅವನೇ. ಶಾಪ ತಗುಲಿದುದು ನಕ್ಕವನಿಗೆ. ಭಾದ್ರಪದದಲ್ಲಿ ಈ ಕಥೆಯನ್ನು ಕೇಳಿ ಅಕ್ಷತೆ ಹಾಕುವ ಜನ ಉಳಿದ ಹನ್ನೊಂದು ತಿಂಗಳು ಚಂದ್ರನ ಪಕ್ಷವನ್ನೇ ಹಿಡಿಯುವುದು ವಿಚಿತ್ರ.

ಹೀಗೆ ನಿಂದೆ ಸಲ್ಲದೆಂದು ಒಪ್ಪಿದ ಮೇಲೆ ಆಸ್ಪತ್ರೆಯ ಹೊಣೆ ಹಗುರವಾಗುವುದಿಲ್ಲ, ಭಾರವಾಗುತ್ತದೆ. ಏಕೆಂದರೆ ದೇಹ ಬಹುಕಾಲ ಮರಳಿ ಕೇಳುವುದಾದರೆ ಚಿಕಿತ್ಸೆಯೂ ಬಹುಕಾಲ ಜೊತೆಗಿರಬೇಕು. ನಳಿಗೆಯ ಕೆಲಸ ಒಂದೆರಡು ಗಂಟೆಯದು. ಅದರ ಹಿಂದೆ ಆಹಾರಶಾಸ್ತ್ರವನ್ನು ಬಲ್ಲವರು, ಮನಶ್ಶಾಸ್ತ್ರಜ್ಞರು, ದಾದಿಯರು, ಅನಿಷ್ಟ ಒದಗಿದರೆ ಕೂಡಲೆ ಹೊಟ್ಟೆ ತೆರೆಯಬಲ್ಲ ಶಸ್ತ್ರವೈದ್ಯರು ಇರಬೇಕು. ಇಷ್ಟು ಜನರನ್ನು ಮೊದಲ ರೋಗಿ ಬರುವ ಮುನ್ನವೇ ನೇಮಿಸಿರಬೇಕು. ತೊಡಕು ಇಲ್ಲಿಯೇ. ನಳಿಗೆಯ ಕೊಠಡಿ ಹಣ ತರುತ್ತದೆ. ಆಹಾರದ ಸಲಹೆ ಕೊಡುವವಳ ಕುರ್ಚಿ ಹಣ ತರುವುದಿಲ್ಲ. ಅಮೆರಿಕದಲ್ಲಿ ಬಹುಕಾಲ ವಿಮೆಯವರು ಈ ಚಿಕಿತ್ಸೆಗಳಿಗೆ ಹಣ ಕೊಡಲು ಹಿಂದೆಗೆದುದರಿಂದ ವೆಚ್ಚ ಹೆಚ್ಚಾಗಿ ರೋಗಿಯ ಕೈಯಿಂದಲೇ ಹೋಯಿತು; ಕೈಯಿಂದ ಕೊಡುವವನು ಗಿರಾಕಿಯಾಗುತ್ತಾನೆ, ಗಿರಾಕಿಗೆ 'ನಿಮಗೆ ಇದು ಬೇಡ' ಎಂದು ಹೇಳುವುದು ಕಷ್ಟ. ಖರ್ಚನ್ನು ಕಡಮೆ ಮಾಡಬೇಕಾಗಿ ಬಂದ ವರ್ಷ ಆಡಳಿತಗಾರನ ಕಣ್ಣು ಮೊದಲು ಆ ಕುರ್ಚಿಯ ಮೇಲೆಯೇ ಬೀಳುತ್ತದೆ. ಅದನ್ನು ತೆಗೆದ ದಿನ ಉಳಿಯುವುದು ಗ್ಯಾರೆನ್–ಎಡ್ವರ್ಡ್ಸ್ ಗುಳ್ಳೆಯ ಕಾಲದ ಅಂಗಡಿ. ಅದೂ ಆ ಪರೀಕ್ಷೆಗಳಲ್ಲಿದ್ದ ಉಪಚಾರವಿಲ್ಲದ ಅಂಗಡಿ.

ಬೆಲೂನಿನೊಳಗಿನ ಉಪ್ಪುನೀರಿಗೆ ಅನೇಕ ವೈದ್ಯರು ನೀಲಿ ಬಣ್ಣವನ್ನು ಬೆರೆಸುತ್ತಾರೆ. ಬೆಲೂನು ಸೋರಿದರೆ ಆ ಬಣ್ಣ ರಕ್ತಕ್ಕೆ ಸೇರಿ ಮೂತ್ರ ನೀಲಿ ಹಸುರಾಗಿ ಇಳಿಯುತ್ತದೆ. ಬರಿದಾದ ಬೆಲೂನು ಕರುಳಿಗೆ ಜಾರುವ ಮುನ್ನ ರೋಗಿಗೆ ದೊರೆಯುವ ಎಚ್ಚರಿಕೆ ಅದು. ಉಪಾಯ ಸರಳ, ಸುಂದರ. ಆದರೆ ನೂರು ಮೈಲಿ ದೂರದ ಹಳ್ಳಿಯಲ್ಲಿ ಶನಿವಾರದ ರಾತ್ರಿ ಆ ಬಣ್ಣವನ್ನು ಕಂಡು ಹೆದರಿದ ಹೆಂಗಸು ಯಾರಿಗೆ ಫೋನು ಮಾಡಬೇಕು? ಆ ಕಡೆಯಲ್ಲಿ ಎತ್ತಿಕೊಳ್ಳುವವನಿಗೆ ಅವಳ ಹೊಟ್ಟೆಯಲ್ಲಿ ಏನಿದೆಯೆಂದು ತಿಳಿದಿದೆಯೆ? ಆರು ತಿಂಗಳು ತುಂಬಿದ ದಿನ ಅವಳು ಬಾರದಿದ್ದರೆ ಹುಡುಕಿ ಕರೆಯುವವರಾರು? ದ್ರವದ ಬೆಲೂನುಗಳನ್ನು ಇರಿಸಿಕೊಂಡವರಲ್ಲಿ 2016ರಿಂದೀಚೆಗೆ ಐದು ಮರಣಗಳ ವರದಿ ಬಂದಿದೆಯೆಂದು ಅಮೆರಿಕದ ಆಡಳಿತವು 2017ರ ಆಗಸ್ಟಿನಲ್ಲಿ ವೈದ್ಯರಿಗೆ ಪತ್ರ ಬರೆಯಿತು. ಬೆಲೂನೇ ಕಾರಣವೆಂದು ನಿಶ್ಚಯವಾಗಿ ಹೇಳಲಾಗದಿದ್ದರೂ, ಹತ್ತಿರದಿಂದ ನೋಡಿಕೊಳ್ಳಿರಿ ಎಂಬ ಸೂಚನೆ ಅದರಲ್ಲಿತ್ತು. ಇನ್ನೊಂದು ನಿದರ್ಶನವೂ ನೆನಪಿಡತಕ್ಕದ್ದು. ಹೊಟ್ಟೆಯ ಗೋಡೆಯ ಮೂಲಕ ಕೊಳವೆಯಿಟ್ಟು, ಉಂಡುದರ ಒಂದು ಭಾಗವನ್ನು ಹೊರಕ್ಕೆ ಬಸಿಯುವ 'ಆಸ್ಪೈರ್ ಅಸಿಸ್ಟ್' ಎಂಬ ಸಾಧನಕ್ಕೆ 2016ರಲ್ಲಿ ಒಪ್ಪಿಗೆ ದೊರೆಯಿತು. 2022ರಲ್ಲಿ ಅದು ಮಾರುಕಟ್ಟೆಯಿಂದಲೇ ಹೊರಟುಹೋಯಿತು. ಮಾರುವವನು ಅಂಗಡಿಯನ್ನು ಮುಚ್ಚಬಹುದು. ಕೊಳವೆಯನ್ನು ಹೊತ್ತವನಿಗೆ ಆಸ್ಪತ್ರೆಯೊಂದೇ ದಿಕ್ಕು.

ಈ ನಾಡಿಗೆ ಬಂದರೆ ಪ್ರಶ್ನೆ ಮತ್ತಷ್ಟು ಸೂಕ್ಷ್ಮವಾಗುತ್ತದೆ. ಎತ್ತರಕ್ಕೂ ತೂಕಕ್ಕೂ ಇರುವ ಪ್ರಮಾಣವನ್ನು ಒಂದು ಸಂಖ್ಯೆಯಿಂದ ಸೂಚಿಸುವುದು ರೂಢಿ. ಆ ಸಂಖ್ಯೆ 30 ಆದರೆ ಸ್ಥೌಲ್ಯವೆಂದು ಪಶ್ಚಿಮದವರ ಲೆಕ್ಕ. ಭಾರತೀಯರಿಗೆ ಇನ್ನೂ ಕಡಮೆ ತೂಕದಲ್ಲಿಯೇ ಸಕ್ಕರೆಯ ರೋಗ ಬರುವುದರಿಂದ 2009ರಲ್ಲಿ ಇಲ್ಲಿಯ ತಜ್ಞರು 25ನ್ನೇ ಸ್ಥೌಲ್ಯದ ಗಡಿಯಾಗಿ ಒಪ್ಪಿದರು. 160 ಸೆಂಟಿಮೀಟರು ಎತ್ತರದ ಹೆಂಗಸು ಪಶ್ಚಿಮದ ಲೆಕ್ಕದಲ್ಲಿ ಸುಮಾರು 77 ಕಿಲೋಗೆ ಸ್ಥೂಲಳು; ಭಾರತದ ಲೆಕ್ಕದಲ್ಲಿ 64ಕ್ಕೆ. ರೋಗವನ್ನು ಬೇಗ ಗುರುತಿಸಬೇಕೆಂಬ ಒಳ್ಳೆಯ ಉದ್ದೇಶದಿಂದ ಎಳೆದ ಗೆರೆ ಇದು. ಗೆರೆಯನ್ನು ಕೆಳಕ್ಕೆ ಸರಿಸಿದಂತೆ ಗಿರಾಕಿಗಳ ಸಂಖ್ಯೆಯೂ ಹೆಚ್ಚುತ್ತದೆ ಎಂಬುದು ವ್ಯಾಪಾರಿಗೆ ಹೇಳಿಕೊಡಬೇಕಾದ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 24 ಹೆಂಗಸರು ಅಧಿಕ ತೂಕದವರು. ಅದೇ ಸಮೀಕ್ಷೆಯಲ್ಲಿ 18.7ರಷ್ಟು ಹೆಂಗಸರು ಇರಬೇಕಾದುದಕ್ಕಿಂತ ಕಡಮೆ ತೂಗುವವರು. ಒಂದೇ ಬೀದಿಯಲ್ಲಿ ಎರಡೂ ಮನೆಗಳಿವೆ. ಉಣಲಿಲ್ಲದವರ ನಡುವೆ ಉಂಡವರಿಗಾಗಿ ವಿಭಾಗವೇಕೆಂಬ ವಾದಕ್ಕೆ ಹೆಚ್ಚು ಬಲವಿಲ್ಲ. ಸಕ್ಕರೆಯ ರೋಗದಿಂದ ಕಾಲು ಕಳೆದುಕೊಂಡವನ ನೋವು ಸುಳ್ಳಾಗದು. ಆದರೆ ಸರಕಾರದ ಹಣದಿಂದಲೋ ಧರ್ಮದತ್ತಿಯಿಂದಲೋ ನಡೆಯುವ ಆಸ್ಪತ್ರೆ ಈ ಕೆಲಸಕ್ಕೆ ಕೈಹಾಕುವಾಗ, ಕೊಡಬಲ್ಲವರಿಗೆ ಮಾತ್ರ ಬಾಗಿಲು ತೆರೆದರೆ ಅದಕ್ಕೆ ಸಮಾಧಾನ ಹೇಳಬೇಕಾಗುತ್ತದೆ.

ಮದುವೆಯ ಮಾತುಕತೆ ನಡೆಯುತ್ತಿರುವ ಮನೆಯೊಂದನ್ನು ಊಹಿಸಬಹುದು. ಹುಡುಗಿಗೆ ಇಪ್ಪತ್ತೆರಡು, ಸಂಖ್ಯೆ 26, ಸಕ್ಕರೆಯಿಲ್ಲ, ಒತ್ತಡವಿಲ್ಲ, ಮಹಡಿಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಾಳೆ. ಹಣ ಕೈಯಲ್ಲಿ ಹಿಡಿದು ತಂದೆತಾಯಿಗಳು ಬಂದಿದ್ದಾರೆ. ಮೂರು ತಿಂಗಳೊಳಗೆ ಆಗಬೇಕು. ಗಡಿಯ ಲೆಕ್ಕದಲ್ಲಿ ಅವಳು ಸ್ಥೂಲಳೇ. ಇಲ್ಲಿ ಬೆಲೂನನ್ನು ಇಟ್ಟರೆ ವೈದ್ಯನು ಚಿಕಿತ್ಸೆ ಮಾಡುತ್ತಿರುವುದು ಹುಡುಗಿಗಲ್ಲ, ವರನ ಕಡೆಯವರ ಕಣ್ಣಿಗೆ. ತಂದೆತಾಯಿಗಳನ್ನು ಹೊರಗೆ ಕೂರಿಸಿ, ಅವಳೊಬ್ಬಳನ್ನೇ ಕೇಳಿ, ಆಮೇಲೆ ಇಲ್ಲವೆನ್ನುವ ಧೈರ್ಯ ವೈದ್ಯನಿಗೆ ಬೇಕು. ಇಲ್ಲವೆಂದುದಕ್ಕೆ ಅವನ ಸಂಬಳಕ್ಕೆ ಕೊರೆ ಬಾರದಂತೆ ನೋಡಿಕೊಳ್ಳುವ ಆಡಳಿತವೂ ಬೇಕು. ಧೈರ್ಯವೊಂದನ್ನೇ ನಂಬಿ ಸಂಸ್ಥೆಯನ್ನು ಕಟ್ಟಲಾಗದು. ಬಂದವರಲ್ಲಿ ಎಷ್ಟು ಜನರನ್ನು ಹಿಂದಕ್ಕೆ ಕಳುಹಿಸಲಾಯಿತು ಎಂಬುದನ್ನು ವರ್ಷಕ್ಕೊಮ್ಮೆ ಪ್ರಕಟಿಸುವ ವಿಭಾಗ ಯಾವುದಾದರೂ ಇದ್ದರೆ ಅದನ್ನು ನಂಬಬಹುದು.

2021ರಲ್ಲಿ ಅಮೆರಿಕದಲ್ಲಿ ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದಿಗೆ ತೂಕದ ಚಿಕಿತ್ಸೆಗಾಗಿ ಒಪ್ಪಿಗೆ ದೊರೆತ ಮೇಲೆ, 2025ರಲ್ಲಿ ಅದೂ ಅದರ ಬಂಧುವಾದ ಟಿರ್ಜೆಪಟೈಡ್ ಎಂಬುದೂ ಭಾರತಕ್ಕೆ ಬಂದ ಮೇಲೆ, ನಳಿಗೆಯ ಕಾಲ ಮುಗಿಯಿತೆಂದು ಹೇಳುವವರಿದ್ದಾರೆ. ಆದರೆ ಆ ಮದ್ದನ್ನು ನಿಲ್ಲಿಸಿದವರು ಒಂದು ವರ್ಷದಲ್ಲಿ ಇಳಿಸಿದುದರ ಮೂರರಲ್ಲಿ ಎರಡು ಪಾಲನ್ನು ಮರಳಿ ಪಡೆದುದು ಪರೀಕ್ಷೆಯಲ್ಲಿ ಕಂಡಿದೆ. ಬೆಲೂನು ಹೊರಬಂದ ಮೇಲೂ ಅನೇಕರ ಪಾಡು ಅದೇ. ಸಾಧನ ಬದಲಾದರೂ ಆಸ್ಪತ್ರೆಯ ಋಣದ ಅವಧಿ ಕಿರಿದಾಗುವಂತಿಲ್ಲ.

ಈ ಚಿಕಿತ್ಸೆಗಳನ್ನು ಅಳೆಯಲು ಅಮೆರಿಕದ ವೈದ್ಯಸಂಘಗಳು 2011ರಲ್ಲಿಯೇ ಒಂದು ಮಾನವನ್ನು ಗೊತ್ತುಮಾಡಿದುವು: ಹನ್ನೆರಡನೆಯ ತಿಂಗಳಿನಲ್ಲಿ ಹೆಚ್ಚುವರಿ ತೂಕದ ಕಾಲುಭಾಗವಾದರೂ ಇಳಿದಿರಬೇಕು, ಗಂಭೀರ ತೊಂದರೆ ನೂರಕ್ಕೆ ಐದನ್ನು ಮೀರಬಾರದು. ಒಳ್ಳೆಯ ಮಾನವೇ. ಆದರೆ ಹನ್ನೆರಡನೆಯ ತಿಂಗಳಿನಲ್ಲಿ ತಕ್ಕಡಿ ಹತ್ತುವವರು ಮರಳಿ ಬಂದವರು ಮಾತ್ರ. ತೂಕ ಇಳಿದವನು ಹಿಗ್ಗಿ ಬರುತ್ತಾನೆ; ಮತ್ತೆ ಏರಿದವನು ನಾಚಿ ಮನೆಯಲ್ಲಿ ಉಳಿಯುತ್ತಾನೆ; ಆಸ್ಪತ್ರೆಯ ಸರಾಸರಿ ತಾನಾಗಿಯೇ ಚೆಂದವಾಗುತ್ತದೆ. ಆದುದರಿಂದ ಹೊಸ ವಿಭಾಗದಲ್ಲಿ ಉಪಕರಣ ಬರುವ ಮೊದಲು ಬರಬೇಕಾದ ವಸ್ತು ಒಂದು ದಾಖಲೆ ಪುಸ್ತಕ. ಪ್ರತಿಯೊಬ್ಬ ರೋಗಿಯ ಹೆಸರಿನ ಮುಂದೆ ಮುಂದಿನ ಐದು ವರ್ಷಗಳ ಭೇಟಿಯ ದಿನಗಳು, ಬಾರದಿದ್ದರೆ ಕರೆಯಬೇಕಾದವರ ಹೆಸರು, ಕರೆದ ದಿನ, ದೊರೆತ ಉತ್ತರ, ಇವಕ್ಕೆಲ್ಲ ಅದರಲ್ಲಿ ಜಾಗವಿರಬೇಕು. ಉತ್ತರ ದೊರೆಯದಿದ್ದಲ್ಲಿ ಆ ಮನೆಗೇ ಒಬ್ಬರನ್ನು ಕಳುಹಿಸುವ ಬಸ್ಸಿನ ಖರ್ಚನ್ನು ಮೊದಲ ವರ್ಷದ ಆಯವ್ಯಯದಲ್ಲಿಯೇ ಬರೆದಿರಬೇಕು.